ಮಾವನ ಗುಂಡುಕಳ್ಳಿ ಹೂಬಿಟ್ಟದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮಾವನ ಗುಂಡುಕಳ್ಳಿಯನ್ನು ಕೊಂದವನು ನಾನೇ. ಕೈಯಿಂದಲ್ಲ, ಬಾಯಿಂದ. ಕೊಂದದ್ದು ಸಾಲದೆಂದು ಅದರ ಜಾಗದಲ್ಲಿ ಏನನ್ನು ತಂದು ಕೂರಿಸಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಅಲ್ಲಿಯವರೆಗಾದರೂ ನನ್ನ ಮೇಲೆ ನಿಮಗೆ ಸ್ವಲ್ಪ ಗೌರವ ಉಳಿದಿರಲಿ.

ಮಾವ ಅಂದರೆ ಅಮ್ಮನ ತಮ್ಮ. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಏಜೆಂಟ್. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕು ಹುಡುಕಿದರೂ ಮಳೆ ಬಂತೆಂದು ಹಲ್ಲು ಕಡಿಯುವ ಇನ್ನೊಬ್ಬ ಮನುಷ್ಯ ಸಿಗುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಗದ್ದೆಯವರು ಆಕಾಶ ನೋಡಿ ಕೈಮುಗಿದರೆ ಮಾವ ಅದೇ ಆಕಾಶ ನೋಡಿ ಬಯ್ಯುತ್ತಿದ್ದರು. ಕಪ್ಪೆಗೂ ಶೀತವಾಗುವ ಊರಿನಲ್ಲಿ ಅವರು ಸಾಕಿದ್ದು ಹದಿನೇಳು ಕುಂಡ ಕಳ್ಳಿ!

ಕುಂಡ ಎಂದದ್ದು ಮರ್ಯಾದೆಗೆ. ಕೆಲವು ಎಣ್ಣೆ ಡಬ್ಬಿ, ಒಂದೆರಡು ಒಡೆದ ಹೂಜಿ, ಮೂರು ಬಸ್ಸಿನ ಹಳೇ ಹೆಡ್‌ಲೈಟಿನ ಬಟ್ಟಲು. ಪ್ರತಿಯೊಂದಕ್ಕೂ ಒಂದೊಂದು ಕೊಡೆ. ಬಸ್ಸಿನಲ್ಲಿ ಜನ ಮರೆತುಹೋದ ಕೊಡೆಗಳೆಲ್ಲ ಕೊನೆಗೆ ಬಂದು ಬಿಚ್ಚಿಕೊಳ್ಳುತ್ತಿದ್ದುದು ಮಾವನ ಕಳ್ಳಿಗಳ ತಲೆಯ ಮೇಲೆ. ಒಮ್ಮೆ ಮೇಗರವಳ್ಳಿ ಕಡೆಯ ಗೌಡರೊಬ್ಬರು ತಮ್ಮ ಕೊಡೆಯ ಹಿಡಿ ಗುರುತಿಸಿ ಕೇಳಿಯೇಬಿಟ್ಟರು. ಮಾವ ತಕರಾರು ಮಾಡಲಿಲ್ಲ.

"ಧಾರಾಳ ತಗಂಡ್ ಹೋಗಿ ಗೌಡ್ರೆ. ನೀವು ನೆಂದ್ರೆ ಒರೆಸ್ಕಂಡು ಒಣಗ್ತೀರಿ. ಇದು ನೆಂದ್ರೆ ಒಣಗಲ್ಲ, ಸಾಯುತ್ತೆ."

ಗೌಡರು ಕಳ್ಳಿಯನ್ನೊಮ್ಮೆ, ಮಾವನನ್ನೊಮ್ಮೆ ನೋಡಿ, ನೆನೆಯುತ್ತಲೇ ಹೋದರು.

ಈ ಹದಿನೇಳರಲ್ಲಿ ಪಟ್ಟದರಾಣಿ ಒಂದು ಗುಂಡುಕಳ್ಳಿ. ಕೋಳಿಮೊಟ್ಟೆಯಷ್ಟಿತ್ತು. ಬಂದದ್ದು ಅತ್ತೆಯ ಜೊತೆಗೇ, ಹಿರಿಯೂರು ಕಡೆಯಿಂದ. ಮದುವೆ ಮಾತಿನ ದಿನ ಹೆಣ್ಣಿನ ತಂದೆ, "ವಾಚು ಬೇಕಾ, ರೇಡಿಯೋ ಬೇಕಾ, ಸಂಕೋಚ ಬೇಡ, ಕೇಳಿ" ಎಂದರಂತೆ. ಮಾವ ಸಂಕೋಚವಿಲ್ಲದೆ ಮಾಳಿಗೆಯ ಅಂಚಿನಲ್ಲಿದ್ದ ತಗಡಿನ ಡಬ್ಬಿ ತೋರಿಸಿ, "ಅದು ಕೊಡಿ" ಎಂದರು. ಹೆಣ್ಣಿನ ತಂದೆ ನೆಂಟರನ್ನು ಪಕ್ಕಕ್ಕೆ ಕರೆದು ಸಮಾಧಾನ ಮಾಡಿದರಂತೆ: "ಹುಡುಗ ಒಳ್ಳೇನು. ಆ ಕಡೆ ಮಳೆ ಜಾಸ್ತಿ ನೋಡಿ, ತಲೆಗೆ ಸ್ವಲ್ಪ ಇಳಿದಿರ್ಬೇಕು."

ಮೊದಲ ಆಷಾಢಕ್ಕೆ ಹೊಸ ಹೆಂಡತಿ ತವರಿಗೆ ಹೋಗುವುದು ಎಲ್ಲ ಕಡೆ ಇದ್ದದ್ದೇ. ನಮ್ಮ ಮಾವ ಕಳ್ಳಿಯನ್ನೂ ತವರಿಗೆ ಕಳಿಸಿದರು. ಶ್ರಾವಣದಲ್ಲಿ ಇಬ್ಬರೂ ಒಂದೇ ಬಸ್ಸಿಗೆ ವಾಪಸಾದರು. ಮಾವ ಓಡಿಹೋಗಿ ಕಿಟಕಿಯಿಂದ ಡಬ್ಬಿ ಇಸಿದುಕೊಂಡು, ಮುಳ್ಳುಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತ ನಿಂತುಬಿಟ್ಟರು. ಅತ್ತೆ ಬಸ್ಸಿನ ಬಾಗಿಲಲ್ಲೇ ನಿಂತು ಕೇಳಿದರಂತೆ: "ಹೆಂಡ್ತಿ ಇಳಿದಾಯ್ತಲ್ಲ. ಇನ್ನು ನಾನು ಇಳೀಲಾ, ಇಲ್ಲಾ ಇದೇ ಬಸ್ಸಿಗೆ ವಾಪಸ್ ಹೋಗ್ಲಾ?"

ಇದೆಲ್ಲ ಆಗಿ ಮೂರು ವರ್ಷಕ್ಕೆ, ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ, ಪಿಯುಸಿಯಲ್ಲಿ ಡುಮ್ಕಿ ಹೊಡೆದು ಟೈಪಿಂಗ್ ಕಲಿಯುವ ನೆಪದಲ್ಲಿ ನಾನು ಅವರ ಮನೆ ಸೇರಿದೆ. ಕಲಿತದ್ದು ಟೈಪಿಂಗ್ ಅಲ್ಲ. ಟೈಪಿಂಗ್ ಮೇಷ್ಟ್ರ ಕೆಮ್ಮು ಕಲಿತೆ, ಹಾಲಿನವನ ಕೂಗು ಕಲಿತೆ, ಕೊನೆಗೆ ಮಾವನ ದನಿಯನ್ನೇ ಕಲಿತೆ. ದೇವರು ನನಗೆ ತಲೆ ಕೊಡುವಾಗ ಕೈ ಬಿಗಿಹಿಡಿದು, ಗಂಟಲು ಕೊಡುವಾಗ ಸುರಿದುಬಿಟ್ಟಿದ್ದ.

ಮಾವ ಒಂದು ದಿನ ಗುಂಡುಕಳ್ಳಿಯ ಮಣ್ಣು ಕೆದಕುತ್ತ ಹೇಳಿದ್ದರು: "ಉಳಿದ ಹದಿನಾರು ಹೋದ್ರೂ ಹೋಗ್ಲಿ ಮಾರಾಯ, ಇದೊಂದು ಉಳೀಬೇಕು. ಇದು ಹೋದ್ರೆ ನನ್ನ ಕತೆ ಮುಗೀತು." ಯಾಕೆ ಎಂದು ಕೇಳಿದರೆ ಮುಖ ಆಚೆ ತಿರುಗಿಸಿ, "ಈ ವರ್ಷ ಹೂ ಬಿಡುತ್ತೆ ನೋಡು" ಎಂದರು. ಅದನ್ನು ಅವರು ಪ್ರತಿ ವರ್ಷ ಹೇಳುತ್ತಿದ್ದರು.

ಮನೆ ಬಸ್‌ಸ್ಟ್ಯಾಂಡಿನ ಎದುರಿಗೇ. ಬಿಸಿಲಿನ ಒಂದು ತುಣುಕು ಬಿದ್ದರೆ ಸಾಕು, ಮಾವ ಅಲ್ಲಿಂದಲೇ, "ಕುಂಡ ಹೊರಗಿಡೇ!" ಎಂದು ಕೂಗುವರು. ಮೋಡ ಮುಚ್ಚಿದರೆ, "ಒಳಗಿಡೇ!" ಈ ವಿಷಯದಲ್ಲಿ ಅತ್ತೆಯ ಕರಾರು ಸ್ಪಷ್ಟವಾಗಿತ್ತು. "ಗಿಡ ನಿಮ್ದು, ಆಕಾಶಾನೂ ನಿಮ್ದೇ. ನೀವು ಕೂಗಿದ್ರೆ ಎತ್ತಿಡ್ತೀನಿ. ಮೋಡ ನೋಡ್ಕೊಂಡು ಕೂರೋ ಕೆಲ್ಸ ನಂದಲ್ಲ."

ಒಂದು ಮಧ್ಯಾಹ್ನ, ಜುಲೈ ತಿಂಗಳು, ಅತ್ತೆ ಓಡಾಡುವ ತಮಾಷೆ ನೋಡಬೇಕೆನಿಸಿತು. ಮನೆಯ ಮಗ್ಗುಲ ಗೋಡೆಯ ಮರೆಯಲ್ಲಿ ನಿಂತು ಮಾವನ ದನಿಯಲ್ಲಿ, "ಕುಂಡ ಹೊರಗಿಡೇ!" ಎಂದೆ. ಅತ್ತೆ ಕೊಡೆಗಳನ್ನು ತೆಗೆದಿಟ್ಟು, ಹದಿನೇಳೂ ಕುಂಡಗಳನ್ನು ಬಸ್‌ಸ್ಟ್ಯಾಂಡಿಗೆ ಕಾಣದ ಹಿಂದಿನ ಅಂಗಳಕ್ಕೆ ಹೊತ್ತರು. ನಾನು ಹೊಟ್ಟೆತುಂಬ ನಕ್ಕು, ಬಸ್ಸು ಹತ್ತಿ, ಸಾಗರಕ್ಕೆ ಸಿನಿಮಾ ನೋಡಲು ಹೋದೆ. "ಒಳಗಿಡೇ" ಎನ್ನುವುದೂ ನನ್ನದೇ ಜವಾಬ್ದಾರಿ ಎಂದು ಹೊಳೆದದ್ದು ಇಂಟರ್‌ವಲ್‌ನಲ್ಲಿ, ಟಾಕೀಸಿನ ತಗಡಿನ ಮೇಲೆ ಮಳೆ ಬಡಿಯತೊಡಗಿದಾಗ.

ಹೊಸನಗರದಲ್ಲೂ ಅದೇ ಮಳೆ. ಕುಂಡ ಹೊರಗಿರುವುದೇ ತಿಳಿಯದ ಮಾವ ಕೂಗಲಿಲ್ಲ. ಮಾವ ಕೂಗಲಿಲ್ಲವೆಂದು ಅತ್ತೆ ಎತ್ತಲಿಲ್ಲ. ನಾನು ಮನೆಗೆ ಬಂದಾಗ ವಾದ ನಡೆದಿತ್ತು.

"ನೀವೇ ಕೂಗಿದ್ದು."

"ನಾನೆಲ್ಲಿ ಕೂಗ್ದೆ? ನಂಗೇನು ಹುಚ್ಚಾ?"

"ಅದು ಬೇರೆ ವಿಷ್ಯ. ಕೂಗಿದ್ದು ಮಾತ್ರ ನೀವೇ."

ನಾನು ತಟ್ಟೆಯಿಂದ ತಲೆ ಎತ್ತದೆ ಊಟ ಮಾಡಿದೆ. ಅಷ್ಟು ಶ್ರದ್ಧೆಯಿಂದ ಓದಿದ್ದರೆ ಪಿಯುಸಿ ಪಾಸಾಗುತ್ತಿತ್ತು.

ಮಾವ ಗುಂಡುಕಳ್ಳಿಯನ್ನು ಒಲೆಯ ಪಕ್ಕ ಇಟ್ಟು ಬೆಚ್ಚಗೆ ಮಾಡಿದರು. ಹದಿನಾರು ಉಳಿದವು. ನಾಲ್ಕನೆಯ ದಿನ ಮಾವ ಕೆಲಸದ ಮೇಲೆ ತೀರ್ಥಹಳ್ಳಿಗೆ ಹೊರಟು, "ಎರಡು ದಿನ ಇದನ್ನ ನೋಡ್ಕ ಮಾರಾಯ" ಎಂದು ನನಗೇ ಒಪ್ಪಿಸಿದರು. ಕೊಲೆಗಾರನಿಗೇ ಪಹರೆ! ಅವರ ಬಸ್ಸು ಹೊರಟ ಮೇಲೆ ಮೆಲ್ಲಗೆ ಒತ್ತಿ ನೋಡಿದೆ. ಬೆರಳು ಎರಡನೇ ಗೆಣ್ಣಿನವರೆಗೂ ಒಳಗೆ ಹೋಯಿತು. ಒಳಗೆ ಕಳ್ಳಿ ಇರಲಿಲ್ಲ, ಗಂಜಿ ಇತ್ತು.

ಅಡುಗೆಮನೆಯ ಬುಟ್ಟಿಯಲ್ಲಿ ಅತ್ತೆ ಸಂತೆಯಿಂದ ತಂದ ಮಡಹಾಗಲಕಾಯಿ ಇದ್ದವು. ಮಳೆಗಾಲದಲ್ಲಿ ನಮ್ಮ ಕಡೆಯ ಬೇಲಿಗಳಲ್ಲಿ ಬಿಡುವ ಕಾಯಿ. ಅದೇ ಕೋಳಿಮೊಟ್ಟೆ ಗಾತ್ರ, ಅದೇ ಹಸಿರು, ಮೈತುಂಬ ಮುಳ್ಳು. ಇಂಥ ಹೋಲಿಕೆಯನ್ನು ಎದುರಿಗಿಟ್ಟರೆ ನಾನಾದರೂ ಏನು ಮಾಡಲಿ? ಒಂದನ್ನು ಆರಿಸಿ, ತೊಟ್ಟು ಕೆಳಗೆ ಮಾಡಿ, ಡಬ್ಬಿಯ ಮಣ್ಣಿನಲ್ಲಿ ಅರ್ಧ ಹೂತೆ.

ಮಾವ ಬಂದವರೇ ಡಬ್ಬಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರು. ನಾನು ಬಾಗಿಲ ಕಡೆಗೆ ಸರಿದೆ.

"ಚೇತರಿಸ್ಕಂಡಿದೆ" ಎಂದರು. ಬೆರಳಿನಿಂದ ಸವರಿದರು. ಮಡಹಾಗಲದ ಮುಳ್ಳು ಮೆತ್ತಗೆ, ಚುಚ್ಚುವುದಿಲ್ಲ. ಮಾವನ ಕಣ್ಣು ತುಂಬಿ ಬಂತು. "ನೋಡಾ, ಮೂರು ವರ್ಷ ಚುಚ್ಚಿದ್ದು ಈಗ ಚುಚ್ತಾ ಇಲ್ಲ. ನನ್ನ ಗುರ್ತು ಹತ್ತಿದೆ ಇದಕ್ಕೆ."

ಹಿತ್ತಲಿಗೆ ಹೋಗಿ ನನ್ನ ಬಾಯಿಗೆ ನಾನೇ ಎರಡು ಹೊಡೆದುಕೊಂಡೆ.

ಐದನೇ ದಿನಕ್ಕೆ ಕಾಯಿ ಹಳದಿಗೆ ತಿರುಗಿತು. "ಮೊಗ್ಗು ಕಟ್ಟೋ ಲಕ್ಷಣ" ಎಂದರು ಮಾವ. ಎಂಟನೇ ದಿನ ಬೆಳಿಗ್ಗೆ ಹಣ್ಣಾಗಿ ಬಿರಿದು, ಒಳಗಿನ ಕೆಂಪು ಬೀಜಗಳನ್ನು ತೋರಿಸುತ್ತ ನಕ್ಕಿತು. ಮಾವ ಸಾಗರದ ಬಸ್ಸು ನಿಲ್ಲಿಸಿಬಿಟ್ಟರು. ಡ್ರೈವರ್, ಕಂಡಕ್ಟರ್, ಅವರ ಹಿಂದೆ ಇಡೀ ಬಸ್ಸಿನ ಜನ ಕೊಡೆ ಹಿಡಿದು ಕಳ್ಳಿಯ ಹೂವು ನೋಡಲು ನಮ್ಮ ಜಗಲಿ ಹತ್ತಿದರು. ಒಬ್ಬ ಅಜ್ಜಿ ಮಾತ್ರ ಬಗ್ಗಿ ನೋಡಿ, "ಇದೆಂಥ ಹೂವಾ? ಮಡಹಾಗಲ ಹಣ್ಣಾದಂಗೆ ಇದ್ಯಲ" ಎಂದಿತು.

"ಅಜ್ಜಿ, ಬಸ್ ಹೊರಡ್ತು, ಹತ್ತಿ" ಎಂದರು ಮಾವ.

ಬಸ್ಸು ಹೋದ ಮೇಲೆ ಅತ್ತೆ ಒಳಗಿನಿಂದ ಬಂದರು. ಸೆರಗಿಗೆ ಕೈ ಒರೆಸಿಕೊಂಡು ಹೂವನ್ನು ಎರಡು ಬೆರಳಲ್ಲಿ ಎತ್ತಿದರು. ತೊಟ್ಟಿನ ಸಮೇತ ಬಂತು.

"ಅವತ್ತು ಪಲ್ಯಕ್ಕೆ ಒಂದು ಕಮ್ಮಿ ಬಂದಿದ್ದು ಇದೇನಾ?" ಎಂದು ನನ್ನನ್ನು ನೋಡಿದರು.

ಇನ್ನು ಮುಚ್ಚಿಡಲು ಏನಿತ್ತು? ಎಲ್ಲ ಹೇಳಿದೆ. ಮಾವ, "ಹೆಂಗೆ ಕೂಗ್ದೆ?" ಎಂದು ಕೇಳಿದರು. ಕೂಗಿ ತೋರಿಸಿದೆ. ಅಭ್ಯಾಸಬಲ ನೋಡಿ, ಅತ್ತೆ ಎರಡು ಕುಂಡ ಎತ್ತಿಯೇಬಿಟ್ಟರು.

ನಾನು ಏಟಿಗೆ ಬೆನ್ನು ಸಿದ್ಧಮಾಡಿಕೊಂಡು ನಿಂತಿದ್ದೆ. ಮಾವ ಬಯ್ಯಲೂ ಇಲ್ಲ. ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತರು. ದಿನವಿಡೀ ಬಸ್‌ಸ್ಟ್ಯಾಂಡನ್ನೇ ನಡುಗಿಸುವ ಆ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ಇವತ್ತಿಗೂ ಅದೊಂದನ್ನು ನಕಲು ಮಾಡಲು ನನಗೆ ಬರುವುದಿಲ್ಲ.

"ಹೆಣ್ಣು ನೋಡಕ್ಕೆ ಹೋದಾಗ ಇವಳು ಒಂದೇ ಮಾತು ಕೇಳಿದ್ಲು ಕಣೋ. ತಿಂಗಳುಗಟ್ಲೆ ಬಿಸಿಲೇ ಕಾಣದ ಊರಲ್ಲಿ ನಾನು ಉಳೀತೀನಾ ಅಂತ. ಉತ್ತರ ಹೇಳಕ್ಕೆ ಬರ್ಲಿಲ್ಲ ನಂಗೆ. ಮಾಳಿಗೆ ಮೇಲೆ ಇದು ಕಾಣ್ತು. ಇದನ್ನ ಉಳಿಸ್ಕಂಡ್ರೆ ಇವಳನ್ನೂ ಉಳಿಸ್ಕಳಬೌದು ಅನ್ಸ್ತು. ಈಗ ಇದು ಕೊಳ್ತು ಹೋಯ್ತಲ್ಲ."

ಅತ್ತೆ ಎತ್ತಿದ್ದ ಎರಡೂ ಕುಂಡಗಳನ್ನು ಕೆಳಗಿಟ್ಟರು. ಆಮೇಲೆ ಬಗ್ಗಿ, ಮಾವನ ತೊಡೆಯ ಮೇಲಿದ್ದ ಡಬ್ಬಿಯನ್ನು ಎತ್ತಿ ಪಕ್ಕಕ್ಕಿಟ್ಟರು.

"ಅದೇ ಬಸ್ಸಲ್ಲಿ, ಅದೇ ಡಬ್ಬೀನ ಮಡಿಲಲ್ಲಿ ಇಟ್ಕೊಂಡು ಬಂದೋಳು ನಾನು. ನಾನೇನ್ರೀ ಕೊಳೆತು ಹೋದ್ನಾ?"