ನಾನು ಒಂದುಗೂಡಿಸಿದ ಇಬ್ಬರು ಥಾಮಸರು

ಸ್ವಂತ ಮನೆಯ ನಲ್ಲಿ ಸೋರುತ್ತಿದ್ದರೂ ಪಕ್ಕದ ಮನೆಯ ನಲ್ಲಿ ರಿಪೇರಿಗೆ ಸ್ಪ್ಯಾನರ್ ಹಿಡಿದು ಓಡುವವರಿದ್ದಾರೆ. ನಾನೂ ಆ ಪೈಕಿಯವನೇ. ಅಜ್ಜನಿಂದ ಮೇಲಕ್ಕೆ ನಿಮ್ಮ ವಂಶದಲ್ಲಿ ಯಾರಿದ್ದರೆಂದು ಕೇಳಿದರೆ ತಲೆ ಕೆರೆದುಕೊಳ್ಳುವ ನಾನು, ಸಿಂಗಾಪುರದ ಕ್ಲೆಮೆಂಟಿಯ ಕಾಂಡೋ ಫ್ಲ್ಯಾಟಿನಲ್ಲಿ ಕೂತು ಇಂಗ್ಲೆಂಡ್ ಮೂಲದ ಜಮೀನುದಾರರೊಬ್ಬರ ವಂಶವೃಕ್ಷಕ್ಕೆ ಕೈ ಹಾಕಿದೆ.

ಅದು ಎದುರು ಮನೆಯ ಡೊರೊತಿ ಆಂಟಿಯ ವಂಶ. ಆಂಟಿ ಅಮೆರಿಕದವರು, ನಿವೃತ್ತ ಟೀಚರು, ಇಲ್ಲಿ ಮಗಳ ಜೊತೆ ಇದ್ದಾರೆ. ಅವರ ಪೂರ್ವಿಕರು ಇಂಗ್ಲೆಂಡಿನ ಡೆವನ್ ಸೀಮೆಯಿಂದ ಹಡಗು ಹತ್ತಿ ವರ್ಜೀನಿಯಾಕ್ಕೆ ಹೋಗಿ, ಹೊಗೆಸೊಪ್ಪು ಬೆಳೆದು ದೊಡ್ಡ ಮನುಷ್ಯರಾದವರಂತೆ. ಚಿಕ್ಕಂದಿನಲ್ಲಿ ಆಂಟಿಯೂ ಅವರ ಅಕ್ಕನೂ ಸ್ಮಶಾನದಲ್ಲಿ ಸಮಾಧಿ ಕಲ್ಲುಗಳ ಮೇಲೆ ಕಾಗದವಿಟ್ಟು, ಪೆನ್ಸಿಲ್ ಉಜ್ಜಿ, ಹಿರಿಯರ ಹೆಸರು ಮೂಡಿಸಿಕೊಳ್ಳುತ್ತಿದ್ದರಂತೆ. ಈಗ ಊರಲ್ಲಿರುವ ಆ ಅಕ್ಕನಿಗೆ ಕಣ್ಣು ಮಂಜಾಗುತ್ತಿದೆ. ಪೂರ್ತಿ ಕಾಣದಂತಾಗುವ ಮೊದಲು ಇಡೀ ವಂಶವೃಕ್ಷವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸಿ ಅವರ ಕೈಗೆ ತಲುಪಿಸಬೇಕು ಎಂಬುದು ಆಂಟಿಯ ಆಸೆ.

"ಕಂಪ್ಯೂಟರಿಗೆ ಹಾಕಿ ಕೊಡ್ತೀರಾ, ಮಿಸ್ಟರ್ ನಂಜುಂಡಯ್ಯ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕೈಬರಹದ ಹಾಳೆಗಳ ಕಂತೆ ನೋಡಿ ಇಲ್ಲವೆನ್ನಲು ಮನಸ್ಸಾಗಲಿಲ್ಲ.

ಶನಿವಾರಗಳಂದು ಆಂಟಿ ಬಾಳೆಹಣ್ಣಿನ ಕೇಕ್ ತಂದು ಪಕ್ಕದಲ್ಲಿ ಕೂತು ಹಾಳೆಗಳನ್ನು ಓದಿ ಹೇಳುತ್ತಿದ್ದರು. ಒಂದು ಉಯಿಲಿನಲ್ಲಿ ಮಂಚ, ಕುದುರೆ, ಬೆಳ್ಳಿ ಚಮಚಗಳ ನಡುವೆ ಗುಲಾಮರ ಹೆಸರುಗಳೂ ಇದ್ದವು. ಅಲ್ಲಿ ಅವರ ದನಿ ತಗ್ಗಿತು. "ಅದನ್ನೂ ಟೈಪ್ ಮಾಡಿ, ಬಿಡಬೇಡಿ," ಎಂದರು. ಆವತ್ತು ಕೇಕು ಹಾಗೇ ಉಳಿಯಿತು.

ತೊಂದರೆ ಬಂದದ್ದು ಥಾಮಸ್‌ನಿಂದ. ಹಾಳೆಯಲ್ಲಿ ಥಾಮಸ್, ಹೆಂಡತಿ ಆನ್. ಅವರಿಗೆ ಮಗ ಥಾಮಸ್, ಅವನ ಹೆಂಡತಿ ಮಾರ್ಥಾ. ಬ್ಯಾಂಕೊಂದರ ಗ್ರಾಹಕರ ಪಟ್ಟಿಯಲ್ಲಿ ಡೂಪ್ಲಿಕೇಟ್ ಹುಡುಕಿ ತೆಗೆಯುವುದೇ ನನ್ನ ಹೊಟ್ಟೆಪಾಡು. ಒಂದೇ ಹೆಸರು ಎರಡು ಸಲ ಕಂಡರೆ ನನ್ನ ಕೈ ತುರಿಸುತ್ತದೆ. ಜೂನಿಯರ್ ಎಂಬ ಪದ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಅದಿರಲಿ, ಗಂಡನ ಹೆಸರು ಹಿಡಿದು ಯಾವ ತಾಯಿ ಮಗನನ್ನು ಬೈದಾಳು? ನಮ್ಮಲ್ಲಿ ಹೆಸರು ಬರುವುದು ಅಜ್ಜನದು. ನನಗೆ ಶ್ರೀಕಂಠ ಎಂದಿಟ್ಟದ್ದು ಹಾಗೆಯೇ. ಮಾವನ ಹೆಸರು ಹಿಡಿದು ಗದರಲಾರದೆ ಅಮ್ಮ ನನ್ನನ್ನು ಪುಟ್ಟು ಮಾಡಿಬಿಟ್ಟಳು. ಆದ್ದರಿಂದ 'ಮಗ' ಎಂದದ್ದು ಬರೆದವರ ಕೈತಪ್ಪು, ಇಬ್ಬರು ಥಾಮಸರೂ ಒಬ್ಬನೇ, ಹೆಂಡತಿ ಸತ್ತ ಮೇಲೆ ಇನ್ನೊಂದು ಮದುವೆಯಾಗಿದ್ದಾನೆ ಎಂದು ತೀರ್ಮಾನಿಸಿದೆ.

"ಆಂಟೀನ ಒಂದು ಮಾತು ಕೇಳ್ಬಾರ್ದೇನ್ರೀ?" ಎಂದಳು ಹೆಂಡತಿ ಸುಧಾ.

"ಇದೆಲ್ಲಾ ನಾನು ದಿನಾ ಆಫೀಸಲ್ಲಿ ಮಾಡೋ ಕೆಲಸ ಕಣೇ," ಎಂದು ಇಬ್ಬರನ್ನೂ ಮರ್ಜ್ ಮಾಡಿ ಒಬ್ಬನಾಗಿಸಿದೆ. ಅಚ್ಚಾದದ್ದನ್ನು ಆಂಟಿ ಮುದ್ದಾಗಿ ಸುತ್ತಿ, ಬಿಚ್ಚಿಯೂ ನೋಡದೆ ಅಕ್ಕನಿಗೆ ಕಳಿಸಿದರು.

ಕೆಲವು ವಾರಗಳ ಮೇಲೆ ಆಂಟಿ ಬಾಗಿಲು ತಟ್ಟಿದರು. ಮೈಸೂರಿನಿಂದ ಬಂದಿದ್ದ ನಮ್ಮಪ್ಪ ಸೋಫಾದ ಮೇಲೆ ಪೇಪರ್ ಓದುತ್ತಿದ್ದರು. "ಅಕ್ಕ ಭೂತಗನ್ನಡಿ ಹಿಡಿದು ಓದಿ ಫೋನ್ ಮಾಡಿದ್ದಳು," ಎಂದರು ಆಂಟಿ. "ಆನ್‌ಗೆ ಮಗನೂ ಅವನೇ, ಗಂಡನೂ ಅವನೇ. ನಿಮ್ಮ ಲೆಕ್ಕದಲ್ಲಿ ನಮ್ಮ ಥಾಮಸ್ ತನ್ನ ತಾಯಿಯನ್ನೇ ಮದುವೆಯಾಗಿದ್ದಾನೆ."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೂ ನಾಲಿಗೆ ಸುಮ್ಮನಿರಬೇಕಲ್ಲ. "ಅಪ್ಪ ಮಗ ಇಬ್ಬರಿಗೂ ಒಂದೇ ಹೆಸರು ಇರೋಕಾಗುತ್ತಾ ಆಂಟಿ?" ಎಂದೆ.

ಆಂಟಿ ಸೋಫಾದ ಕಡೆ ತಿರುಗಿ ಕೈ ಮುಂದೆ ಚಾಚಿದರು. "ನಾನು ಡೊರೊತಿ. ತಮ್ಮ ಹೆಸರು?"

ಅಪ್ಪ ಗಂಭೀರವಾಗಿ ಎದ್ದು ನಿಂತು, "ನಂಜುಂಡಯ್ಯ," ಎಂದರು.

ಸರ್‌ನೇಮ್ ಇಲ್ಲದೆ ಇಲ್ಲಿ ಕೆಲಸ ಮಾಡುವ ಪಾಸಿನ ಅರ್ಜಿ ಮುಂದೆ ಹೋಗುವುದಿಲ್ಲ ಎಂದಾಗ ನಾನು ತುಂಬಿದ್ದು ಅಪ್ಪನ ಹೆಸರು. ಅಂದಿನಿಂದ ಆಫೀಸಿಗೆ, ಬ್ಯಾಂಕಿಗೆ, ಈ ಆಂಟಿಗೆ ನಾನು ನಂಜುಂಡಯ್ಯನೇ. ಸುಧಾ ಅಡುಗೆಮನೆಗೆ ಓಡಿಹೋಗಿ ನಕ್ಕಳು. ಆಂಟಿಯೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ, "ಬೇಗ ಸರಿ ಮಾಡಿ ಕೊಡಿ. ಅಕ್ಕನ ಕಣ್ಣಿಗೆ ಹೆಚ್ಚು ಸಮಯವಿಲ್ಲ," ಎಂದರು. ಆವತ್ತೇ ಕೂತು ಅಪ್ಪ ಮಗನನ್ನು ಬೇರ್ಪಡಿಸಿದೆ. ಈ ಸಲ ಆಂಟಿ ಸಾಲು ಸಾಲಿಗೂ ಬೆರಳಿಟ್ಟು ನೋಡಿದರು. ಹೊಸ ಪ್ರತಿಯನ್ನು ಅಕ್ಕ ಕೊನೆಯ ಸಾಲಿನವರೆಗೂ ತಾವೇ ಓದಿದರಂತೆ.

ಆಂಟಿ ಬಂದುಹೋದ ಮರುದಿನ ಬೆಳಿಗ್ಗೆ ಅಪ್ಪನ ಜೊತೆ ವಾಕಿಂಗ್ ಹೊರಟೆ. ಗೇಟಿನಲ್ಲಿ ಸೆಕ್ಯುರಿಟಿ ಅಂಕಲ್, "ಮಾರ್ನಿಂಗ್, ಮಿಸ್ಟರ್ ನಂಜುಂಡಯ್ಯ," ಎಂದರು. ನಾನು ರೂಢಿಯಂತೆ ಕೈ ಎತ್ತುವಷ್ಟರಲ್ಲಿ ಅಪ್ಪ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿಯಾಗಿತ್ತು.

"ಬಂದು ಎಂಟು ದಿನ ಆಗಿಲ್ಲ, ಎಲ್ರಿಗೂ ನನ್ನ ಹೆಸರು ಗೊತ್ತು ನೋಡೋ ಪುಟ್ಟು," ಎಂದರು ಅಪ್ಪ, ಎದೆಯುಬ್ಬಿಸಿ.

"ಹೌದಪ್ಪ," ಎಂದು ನಾನು ಎತ್ತಿದ ಕೈಯನ್ನು ಇಳಿಸಿ ಜೇಬಿಗೆ ಹಾಕಿಕೊಂಡೆ.