ಎರಡು ಪೆಟ್ಟಿಗೆಗಳು, ಒಂದು ಉಚಿತ ಕುಕ್ಕರ್

ನಾನು ಅರ್ಥಶಾಸ್ತ್ರದ ಮೇಷ್ಟ್ರು. ವಿಜಯನಗರದ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ‘ಕಂಪನಿಗಳ ಪೈಪೋಟಿಯಿಂದ ಗ್ರಾಹಕನಿಗೆ ಲಾಭ’ ಎಂದು ಹೇಳಿಕೊಂಡು ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಈ ಮಾತು ನಿಜವೋ ಸುಳ್ಳೋ ಎಂದು ಒಮ್ಮೆಯೂ ಪರೀಕ್ಷಿಸಿ ನೋಡಿರಲಿಲ್ಲ. ಮೇಷ್ಟ್ರುಗಳು ಪರೀಕ್ಷೆ ಮಾಡುವುದು ಬೇರೆಯವರನ್ನು!

ನನ್ನ ಪರೀಕ್ಷೆ ಬಂದದ್ದು ನನ್ನ ಹೆಂಡತಿ ವನಜಳ ಅಕ್ಕ ಗಿರಿಜಕ್ಕನ ಮೊಣಕಾಲಿನ ಮೂಲಕ. ಕೆಂಗೇರಿಯಲ್ಲಿರುವ ಗಿರಿಜಕ್ಕನಿಗೆ ಆಪರೇಷನ್ ಆಗಿ, ಮೆಟ್ಟಿಲು ಇಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಮನೆಯೊಳಗೆ ಕೂತು ಕೂತು ಅವರು ಸಂಜೆಯಾದರೆ ಫೋನಿನಲ್ಲಿ ಅಳುವುದಕ್ಕೆ ಶುರುಮಾಡಿದರು. ಅದನ್ನು ನೋಡಲಾಗದೆ ಅವರ ಯಜಮಾನರು, ಅಂದರೆ ನನ್ನ ಷಡ್ಡಕ ರುದ್ರಪ್ಪನವರು, ತಾವು ಕಾರ್ ರೇಸ್ ಆಡಲು ತಂದುಕೊಂಡಿದ್ದ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಹೆಂಡತಿಗೆ ಬಿಟ್ಟುಕೊಟ್ಟರು. ಗಿರಿಜಕ್ಕನಿಗೆ ಅದರಲ್ಲಿ ಒಂದು ಆಟ ಬಹಳ ಹಿಡಿಸಿತು. ಇಬ್ಬರು ಸೇರಿ ಹೋಟೆಲು ನಡೆಸುವ ಆಟ. ಒಬ್ಬರು ಬೇಯಿಸಬೇಕು, ಇನ್ನೊಬ್ಬರು ಬಡಿಸಬೇಕು. ವ್ಯಾಪಾರ ಕುದುರಿದರೆ ಮೂರನೆಯ ಆಳಾಗಿ ಇನ್ನೊಬ್ಬರನ್ನೋ ಕಂಪ್ಯೂಟರನ್ನೋ ಸೇರಿಸಿಕೊಳ್ಳಬಹುದು. ಇಂಟರ್‌ನೆಟ್ ಇದ್ದರೆ ಒಬ್ಬರು ಕೆಂಗೇರಿಯಲ್ಲಿ, ಇನ್ನೊಬ್ಬರು ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಕೂತು ಆಡಬಹುದು.

“ಅಕ್ಕನ ಮನೇಲಿರೋ ಅಂಥದ್ದೇ ಕರೀ ಪೆಟ್ಟಿಗೆ ತಗೊಂಬನ್ನಿ” ಎಂದಳು ವನಜ. “ಬ್ಯಾಂಕಿಂದ ಬಂದ ಮೇಲೆ ದಿನಾ ಒಂದು ಗಂಟೆ ಅವಳ ಜೊತೆ ಆಡ್ತೀನಿ. ಅವಳು ಹಂಗೆ ಅಳೋದು ನನ್ ಕೈಲಿ ಕೇಳಕ್ಕಾಗಲ್ಲ ಕಣ್ರೀ. ಅದೇ ತರಬೇಕು. ಬೇರೆ ಬೇಡ.”

ಇಷ್ಟು ಸರಳವಾದ ಸೂಚನೆಯನ್ನು ಪಾಲಿಸಲು ಎರಡು ಅಡ್ಡಿಗಳಿದ್ದವು. ಒಂದು, ನಾನು ಅರ್ಥಶಾಸ್ತ್ರಜ್ಞ. ಎರಡು, ನಾನು ಷಡ್ಡಕ.

ಅಕ್ಕತಂಗಿಯರನ್ನು ಮದುವೆಯಾದ ಗಂಡಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಷಡ್ಡಕನ ಮನೆಯಲ್ಲಿರುವುದನ್ನೇ ನಾವೂ ತರುವುದೆಂದರೆ ಸೋಲೊಪ್ಪಿಕೊಂಡಂತೆ. ರುದ್ರಪ್ಪನವರು ಮೂರು ಜಾರಿನ ಮಿಕ್ಸಿ ತಂದ ವಾರವೇ ನಮ್ಮ ಮನೆಗೆ ನಾಲ್ಕು ಜಾರಿನ ಮಿಕ್ಸಿ ಬಂತು. ನಾಲ್ಕನೆಯ ಜಾರಿನಲ್ಲಿ ಈಗ ಸೇಫ್ಟಿ ಪಿನ್ ಇಟ್ಟಿದ್ದೇವೆ.

ವಿಜಯನಗರದಲ್ಲಿ ಎದುರುಬದುರಾಗಿ ಎರಡು ಅಂಗಡಿಗಳಿವೆ. ಒಂದರಲ್ಲಿ ಕರಿ ಪೆಟ್ಟಿಗೆ, ಇನ್ನೊಂದರಲ್ಲಿ ಅದರ ಎದುರಾಳಿ ಕಂಪನಿಯ ಬಿಳಿ ಪೆಟ್ಟಿಗೆ. ನಾನು ಈ ಅಂಗಡಿಯ ರೇಟನ್ನು ಆ ಅಂಗಡಿಗೆ, ಆ ಅಂಗಡಿಯ ರೇಟನ್ನು ಈ ಅಂಗಡಿಗೆ ಹೇಳುತ್ತಾ ಆರು ಸಲ ರಸ್ತೆ ದಾಟಿದೆ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ! ಕೊನೆಗೆ ಬಿಳಿ ಪೆಟ್ಟಿಗೆಯವನೇ ಸುಸ್ತಾದ.

“ಸಾರ್, ಗಾಡಿ ಗೀಡಿ ಬಂದು ಗುದ್ದಿದ್ರೆ ನನ್ ತಲೆ ಮೇಲೆ ಬರುತ್ತೆ. ಇದನ್ನ ತಗೊಳ್ಳಿ, ಐದು ಲೀಟರ್ ಕುಕ್ಕರ್ ಫ್ರೀ ಕೊಡ್ತೀನಿ.”

“ಕರೀದಕ್ಕಿಂತ ಚೆನ್ನಾಗಿದೆಯೇನಪ್ಪ?”

“ಅದರಪ್ಪ ಸಾರ್ ಇದು!”

“ಎಲ್ಲಾ ಆಟಾನೂ ಬರುತ್ತಾ?”

“ನೂರಾರು ಆಟ ಬರುತ್ತೆ ಸಾರ್.”

ನಾನು ಕೇಳಿದ್ದು ‘ಎಲ್ಲಾ’. ಅವನು ಹೇಳಿದ್ದು ‘ನೂರಾರು’. ತರಗತಿಯಲ್ಲಿ ಹೀಗೆ ಉತ್ತರಿಸಿದ್ದರೆ ಸೊನ್ನೆ ಕೊಡುತ್ತಿದ್ದೆ. ಅಂಗಡಿಯಲ್ಲಿ ದುಡ್ಡು ಕೊಟ್ಟೆ.

ಮನೆಗೆ ಬಂದಾಗ ವನಜ ಇನ್ನೂ ಬ್ಯಾಂಕಿನಲ್ಲಿದ್ದಳು. ಹೊಸ ಯಂತ್ರ ಮನೆಗೆ ಬಂದರೆ ಪೂಜೆಯಿಲ್ಲದೆ ಸ್ವಿಚ್ ಒತ್ತುವುದು ನಮ್ಮಲ್ಲಿಲ್ಲ. ಮೊದಲು ವಿಭೂತಿ ಹಚ್ಚಿದೆ. ಬಿಳಿಯ ಮೇಲೆ ಕಾಣಲಿಲ್ಲ. ಹಾಗಾಗಿ ಕುಂಕುಮಕ್ಕೆ ಎರಡು ತೊಟ್ಟು ಎಣ್ಣೆ ಕಲಸಿ ಧಾರಾಳವಾಗಿ ಬಳಿದೆ. ಊದುಬತ್ತಿ ಸಿಕ್ಕಿಸಲು ಗಾಳಿ ಕಿಂಡಿಗಳು ಹೇಳಿ ಮಾಡಿಸಿದಂತಿದ್ದವು.

ವನಜ ಬಂದು ನೋಡಿದಳು. “ರೀ, ಇದು ಬೆಳ್ಳಗಿದೆ.”

“ಬಣ್ಣದಲ್ಲೇನಿದೆ? ಗುಣ ನೋಡು.”

ಗುಣ ನೋಡಿದೆವು. ಯುದ್ಧ ಇತ್ತು, ಫುಟ್‌ಬಾಲ್ ಇತ್ತು, ಭೂತ ಇತ್ತು. ಹೋಟೆಲು ಮಾತ್ರ ಇರಲಿಲ್ಲ. ಮಹಡಿಯ ಬಾಡಿಗೆಮನೆಯ ನಯನಾಳನ್ನು ಕರೆದೆವು. ಅವಳು ಆಟಗಳನ್ನು ತಯಾರಿಸುವ ಒಂದು ಪುಟ್ಟ ಕಂಪನಿಯಲ್ಲಿ ಚಿತ್ರ ಬರೆಯುವವಳು.

“ಆ ಆಟ ಇದ್ರಲ್ಲಿ ಬರಲ್ಲ ಸಾರ್. ಕರೀ ಪೆಟ್ಟಿಗೆಯವ್ರು ದುಡ್ಡು ಕೊಟ್ಟು ‘ನಮಗೆ ಮಾತ್ರ’ ಅಂತ ಬರೆಸ್ಕೊಂಡಿದ್ದಾರೆ.”

“ಹಾಗಾದ್ರೆ ಪೈಪೋಟಿಯಿಂದ ಆಡೋರಿಗೆ ಲಾಭ ಇಲ್ವೇನಮ್ಮ?” ನನ್ನ ಇಪ್ಪತ್ತೆರಡು ವರ್ಷಗಳು ಅವಳ ಉತ್ತರಕ್ಕಾಗಿ ಕಾಯುತ್ತಿದ್ದವು.

“ಇದೆ ಸಾರ್. ಇಬ್ರೂ ಕಿತ್ತಾಡಿದ್ರಿಂದಾನೇ ಪೆಟ್ಟಿಗೆ ಇಷ್ಟು ಚೆನ್ನಾಗಾಗಿರೋದು. ನಮ್ಮಂಥ ಚಿಕ್ಕೋರಿಗೂ ಒಬ್ರು ಬೇಡ ಅಂದ್ರೆ ಇನ್ನೊಬ್ರು ಬಾಗಿಲು ತೆಗೀತಾರೆ. ಆದ್ರೆ ಎರಡು ಮನೇಲಿ ಎರಡು ಥರದ ಪೆಟ್ಟಿಗೆ ಇದ್ರೆ, ಇಂಥ ಆಟ ಒಟ್ಟಿಗೆ ಆಡಕ್ಕಾಗಲ್ಲ ಅಷ್ಟೇ.”

ಆ ‘ಅಷ್ಟೇ’ ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಮಾರನೆಯ ದಿನ ಪೆಟ್ಟಿಗೆ ಹೊತ್ತುಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕಿಂಡಿಯಿಂದ ಬೂದಿ ಉದುರಿತು.

“ಸಾರ್, ಇದಕ್ಕೆ ಪೂಜೆ ಮಾಡಿದ್ದೀರಾ?”

“ಸ್ವಲ್ಪ.”

“ದೇವ್ರಾಗಿ ಮಾಡಿದ್ದನ್ನ ವಾಪಸ್ ತಗೊಳ್ಳಲ್ಲ ಸಾರ್.”

ಎದುರಿನ ಅಂಗಡಿಯವನೂ ಬಾಗಿಲಿಗೆ ಬಂದು ನಿಂತ. ಇಬ್ಬರೂ ಒಟ್ಟಿಗೆ ನಕ್ಕರು. ಅವರಿಬ್ಬರ ನಡುವೆ ಪೈಪೋಟಿ ಇಲ್ಲದ್ದನ್ನು ನಾನು ಕಂಡದ್ದು ಅದೊಂದೇ ಸಲ.

ವನಜ ಬೈಯಲಿಲ್ಲ. “ಅಕ್ಕ ಇವತ್ತೂ ಕಾಯ್ತಾ ಕೂತಿದ್ಲು” ಎಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಪಾಠ ಮಾಡುವ ಹುಮ್ಮಸ್ಸು ಬರುತ್ತದೆ. ನಮ್ಮ ಪೆಟ್ಟಿಗೆ ಬದಲಾಗದಿದ್ದರೇನು, ಷಡ್ಡಕರ ಪೆಟ್ಟಿಗೆ ಬದಲಾಗಬಾರದೇ? ಬಿಳಿಯದರಲ್ಲೂ ಇಬ್ಬರು ಆಡುವ ಆಟ ಯಾವುದಾದರೂ ಇದ್ದೇ ಇರುತ್ತದೆ.

ಭಾನುವಾರ ಮಧ್ಯಾಹ್ನ ವನಜಳಿಗೆ ಏನೂ ಹೇಳದೆ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಗಿರಿಜಕ್ಕ ಊಟ ಮಾಡಿ ಮಲಗಿದ್ದರು. ಪಾಠ ಮಾಡುವಾಗ ಫೋನ್ ಆಫ್ ಮಾಡುವುದು ನನ್ನ ಶಿಸ್ತು. ಆಫ್ ಮಾಡಿ, ರುದ್ರಪ್ಪನವರಿಗೆ ಬಿಳಿ ಪೆಟ್ಟಿಗೆಯ ಮಹಿಮೆಯನ್ನು ಒಂದು ಗಂಟೆ ಬೋಧಿಸಿದೆ.

“ಮೇಷ್ಟ್ರೇ, ನಿಮ್ಮದಕ್ಕಿಂತ ದೊಡ್ಡದು ಇದೆಯಾ ಅದ್ರಲ್ಲಿ?” ಎಂದರು ಅವರು.

“ಇದೆ. ಆದ್ರೆ ಅದು ನಮ್ಮಂಥೋರಿಗಲ್ಲ ಬಿಡಿ.”

ರುದ್ರಪ್ಪನವರು ಎದ್ದು ಚಪ್ಪಲಿ ಮೆಟ್ಟಿಕೊಂಡರು! ನಾಯಂಡಹಳ್ಳಿಯ ಒಂದು ಅಂಗಡಿಯಲ್ಲಿ ಕರಿಯದನ್ನು ಕೊಟ್ಟು, ಮೇಲೆ ದುಡ್ಡು ಹಾಕಿ, ದೊಡ್ಡ ಬಿಳಿಯದನ್ನು ತಂದೆವು. ಮನೆಗೆ ಬಂದವರೇ ಅವರು ಕುಂಕುಮ ಕಲಸತೊಡಗಿದರು. ನಾನು ತಡೆಯಲಿಲ್ಲ. ಇನ್ನು ಇವರು ಮನಸ್ಸು ಬದಲಾಯಿಸುವಂತಿಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಪಾಠವನ್ನು ಕೇಳಿ ಅದರಂತೆ ನಡೆದ ಮೊದಲ ವಿದ್ಯಾರ್ಥಿ!

ಗೆದ್ದ ಉತ್ಸಾಹದಲ್ಲಿ ಮನೆಗೆ ಬಂದರೆ, ಟೀವಿಯ ಪಕ್ಕ ಒಂದು ಕರಿ ಪೆಟ್ಟಿಗೆ ಕೂತಿತ್ತು.

“ಏಳು ಸಲ ಫೋನ್ ಮಾಡ್ದೆ, ಎಲ್ಲಿ ಹೋಗಿದ್ರಿ?” ವನಜಳ ಮುಖ ಅರಳಿತ್ತು. “ನಯನಾ ಅವಳದ್ದು ಕೊಟ್ಟು ನಮ್ಮದು ತಗೊಂಡ್ಳು. ಅವರ ಕಂಪನಿಯವ್ರು ಬಿಳೀದಕ್ಕೆ ಆಟ ಮಾಡೋಕೆ ಶುರು ಮಾಡಿದ್ದಾರಂತೆ, ಅವಳಿಗೆ ಅದೇ ಬೇಕಿತ್ತಂತೆ. ಕುಂಕುಮ ಇದ್ರೆ ಇನ್ನೂ ಒಳ್ಳೇದು ಅಂದ್ಳು. ಇವತ್ತಿಂದ ನಾನೂ ಅಕ್ಕನೂ—”

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ನಿದ್ದೆಯಿಂದ ಎದ್ದ ಗಿರಿಜಕ್ಕನ ದನಿ ನನಗೂ ಕೇಳಿಸಿತು. “ವನಜಾ, ನನ್ ಹೋಟೆಲ್ ಎಲ್ಲೇ?”

ವನಜ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಕ್ಯಾಲೆಂಡರನ್ನು ಗಮನವಿಟ್ಟು ಓದಿದೆ.

ಈಗ ವನಜ ಬ್ಯಾಂಕಿನಿಂದ ನೇರವಾಗಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋಗುತ್ತಾಳೆ. ಕರಿ ಪೆಟ್ಟಿಗೆಯನ್ನು ಅಲ್ಲಿಯೇ ಇಟ್ಟಿದ್ದಾಳೆ. ಅಕ್ಕತಂಗಿ ಒಂದೇ ಸೋಫಾದಲ್ಲಿ ಪಕ್ಕಪಕ್ಕದಲ್ಲಿ ಕೂತು ಹೋಟೆಲು ನಡೆಸುತ್ತಾರೆ. ಗಿರಿಜಕ್ಕ ಈಗ ಅಳುವುದಿಲ್ಲ, ವನಜ ತಡವಾಗಿ ಬಡಿಸಿದರೆ ಗದರುತ್ತಾರಂತೆ. ನಯನಾಳ ಕಂಪನಿಯ ಕೆಲಸವೂ ಸಾಗಿದೆ. ಒಟ್ಟಿನಲ್ಲಿ ಪೈಪೋಟಿಯಿಂದ ಆಡುವವರಿಗೂ ಲಾಭವಾಯಿತು, ಆಟ ಮಾಡುವವರಿಗೂ ಲಾಭವಾಯಿತು. ನನ್ನ ಸಿದ್ಧಾಂತ ಗೆದ್ದಿದೆ.

ನನ್ನ ಪಾಲಿಗೆ ಬಂದದ್ದು ಕುಕ್ಕರ್. ವನಜ ಬರುವ ಹೊತ್ತಿಗೆ ಅಡುಗೆ ಆಗಿರಬೇಕು ಎಂಬುದು ಹೊಸ ಒಪ್ಪಂದ. ಕುಕ್ಕರ್ ಒಳ್ಳೆಯದು, ಯಾವ ಕಂಪನಿಯ ಅಕ್ಕಿ ಹಾಕಿದರೂ ಬೇಯಿಸುತ್ತದೆ. ಮೊನ್ನೆ ರುದ್ರಪ್ಪನವರು ಫೋನ್ ಮಾಡಿ, “ಮೇಷ್ಟ್ರೇ, ಮೂರು ವಿಷಲ್ಲೋ ನಾಲ್ಕೋ? ನಂದು ಏಳು ಲೀಟರ್‌ದು” ಎಂದರು.

ನಿನ್ನೆ ವನಜ ಬಂದು ಅನ್ನದ ಮುಚ್ಚಳ ತೆಗೆದು ನೋಡಿದಳು. ಅನ್ನ ಗಂಜಿಯಾಗಿತ್ತು.

“ನಮ್ ಹೋಟೆಲಲ್ಲಿ ಇನ್ನೊಬ್ಬ ಅಡುಗೆಯವನು ಬೇಕು ಕಣ್ರೀ” ಎಂದಳು.

ನನಗೆ ಆಸೆಯಾಯಿತು. “ನಾನು ಬರ್ಲಾ?”

ಅವಳು ಇನ್ನೊಂದು ಸಲ ಪಾತ್ರೆಯೊಳಗೆ ನೋಡಿದಳು. “ಬೇಡ. ಅಕ್ಕ ಕಂಪ್ಯೂಟರನ್ನೇ ಇಟ್ಕೊಳ್ಳೋಣ ಅಂದ್ಳು.”