ಕಂಪ್ಯೂಟರಿನ ಒಳಗೆ ನಾನು ಕಟ್ಟಿದ ರಾಜ್ಯಗಳು

ಹಗಲು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ, ಸಂಜೆ ಮನೆಯಲ್ಲಿ ರಾಜ್ಯ ಕಟ್ಟಿಕೊಂಡು ಕೂತವನಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಈಗಲೂ ಹಳೆಯ ವಿದ್ಯಾರ್ಥಿಗಳು ಸಿಕ್ಕಿದರೆ ಆರೋಗ್ಯ ವಿಚಾರಿಸುವ ಮೊದಲು, "ಸರ್, ಈಗ ಯಾವ ಯುಗದಲ್ಲಿ ಇದ್ದೀರಿ?" ಎಂದು ಕೇಳುತ್ತಾರೆ. ನನಗೆ ನಾಚಿಕೆಯಿಲ್ಲ. ಒಂದೇ ಕಂಪ್ಯೂಟರ್ ಆಟದ ಸರಣಿಯ ಮೂರು ಭಾಗಗಳನ್ನು, ಶಿಲಾಯುಗದಿಂದ ಫಿರಂಗಿಯ ಕಾಲದವರೆಗೆ, ಒಂದು ಯುದ್ಧವನ್ನೂ ಬಿಡದೆ ಆಡಿ ಮುಗಿಸಿದ ಸಮಾಜ ವಿಜ್ಞಾನದ ಮೇಷ್ಟ್ರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕಿನಲ್ಲಿ ಬೇರೆ ಯಾರಾದರೂ ಇದ್ದರೆ ಬರಲಿ, ಅವರ ಕೈ ಕುಲುಕುತ್ತೇನೆ.

ಉಮ್ಮನ ತಕರಾರು

ಮೊದಲನೇ ಭಾಗ ಆಡಿದ್ದು ಬಂಟ್ವಾಳದ ನಮ್ಮ ಮನೆಯಲ್ಲಿ, ತೊಂಬತ್ತರ ದಶಕದ ಕೊನೆಗೆ. ದುಬಾಯಿಯಲ್ಲಿದ್ದ ಅಣ್ಣ ರಜೆಯಲ್ಲಿ ಬರುವಾಗ ಕಂಪ್ಯೂಟರು ತಂದಿದ್ದ. ಅದನ್ನು ನಾನು ಪ್ರಶ್ನೆಪತ್ರಿಕೆ ಟೈಪ್ ಮಾಡಲಿಕ್ಕೆ ಬಳಸಬೇಕು ಎಂಬುದು ಅವನ ಆಸೆ. ಆದರೆ ಜೊತೆಗೆ ಒಂದು ಸೀಡಿಯನ್ನೂ ತಂದ. ತಪ್ಪು ಅವನದ್ದೇ.

ಆಟ ಸರಳ. ಬಯಲಿನಲ್ಲಿ ಮೂರು ಜನ, ಒಂದು ಕಟ್ಟಡ. ಆ ಮೂವರಿಂದ ಮರ ಕಡಿಸಿ, ಆಹಾರ ಕೂಡಿಸಿ, ಮನೆ ಕಟ್ಟಿಸಿ, ನಿಧಾನಕ್ಕೆ ರಾಜ್ಯ ಬೆಳೆಸಬೇಕು. ನನ್ನ ಉಮ್ಮ ಅಕ್ಕಿ ಆರಿಸುವ ಗೆರಸೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ಸುಮಾರು ಒಂದು ಗಂಟೆ ಏನೂ ಮಾತಾಡಲಿಲ್ಲ. ನನ್ನ ರಾಜ್ಯ ನೋಡಿ ಬೆರಗಾಗಿದ್ದಾರೆ ಎಂದುಕೊಂಡು ನಾನು ಇನ್ನೂ ಹುರುಪಿನಿಂದ ಆಡಿದೆ. ಕೊನೆಗೆ ಅವರು, ಆ ಮರ ಕಡಿಯುವವನು ಬೆಳಗ್ಗಿನಿಂದ ಒಂದು ಲೋಟ ಚಾ ಸಹ ಕುಡಿದಿಲ್ಲವಲ್ಲ, ಅವನಿಗೆ ಊಟ ಯಾವಾಗ ಎಂದು ಕೇಳಿದರು.

ಅವರಿಗೆ ಊಟ ಬೇಡ ಉಮ್ಮ, ಇಲ್ಲಿ ನೋಡಿ, ನಮ್ಮ ಹತ್ತಿರ ಎಷ್ಟು ಆಹಾರ ಉಂಟು ಅಂತ ಮೇಲೆ ತೋರಿಸ್ತದೆ ಎಂದು ವಿವರಿಸಿದೆ. ಎಂಟುನೂರು ಇತ್ತು. ನಾನು ಹೆಮ್ಮೆಯಿಂದಲೇ ತೋರಿಸಿದ್ದು.

ಉಮ್ಮ ಗೆರಸೆ ಕೆಳಗಿಟ್ಟರು. "ಎಂಟುನೂರು ಒಳಗೆ ಇಟ್ಟುಕೊಂಡು ಒಂದು ತುತ್ತು ಕೊಡುವುದಿಲ್ಲವಾ? ನೀನು ರಾಜ ಅಲ್ಲ ಮಗಾ, ನೀನು ನಿನ್ನ ದೊಡ್ಡಪ್ಪ."

ನನ್ನ ದೊಡ್ಡಪ್ಪನ ಮನೆಗೆ ಹೋದವರಿಗೆ ಚಾ ಸಿಗುವುದಿಲ್ಲ ಎಂಬುದು ಇಡೀ ಬಂಟ್ವಾಳಕ್ಕೆ ಗೊತ್ತಿದ್ದ ವಿಷಯ.

ಕೋಟೆ ಬೀಳುವ ಹೊತ್ತು

ಆಮೇಲೆ ಬೆಳ್ತಂಗಡಿ ಕಡೆಯ ಶಾಲೆಗೆ ವರ್ಗವಾಯಿತು. ಎರಡನೇ ಭಾಗ ಆಡಿದ್ದು ಅಲ್ಲಿನ ಬಾಡಿಗೆ ಮನೆಯಲ್ಲಿ. ಈ ಭಾಗದಲ್ಲಿ ಕಲ್ಲಿನ ಕೋಟೆ, ಹೆಬ್ಬಾಗಿಲು, ಕಂದಕ ಎಲ್ಲ ಉಂಟು. ಆಟವನ್ನು ನಡುನಡುವೆ ಉಳಿಸಿಟ್ಟುಕೊಂಡು, ಸೋತರೆ ಅಲ್ಲಿಂದಲೇ ಮತ್ತೆ ಶುರು ಮಾಡಬಹುದು. ನಾನು ಹಾಗೆ ಮಾಡುತ್ತಿರಲಿಲ್ಲ. ಚರಿತ್ರೆಯಲ್ಲಿ ಯಾವ ರಾಜನಿಗೂ ಆ ಸೌಲಭ್ಯ ಇರಲಿಲ್ಲ, ನನಗೆ ಯಾಕೆ ಎಂಬ ಹಟ.

ಒಂದು ಭಾನುವಾರ ಬೆಳಗ್ಗೆ ನನ್ನ ಕೋಟೆಗೆ ಶತ್ರುಗಳು ಮುತ್ತಿಗೆ ಹಾಕಿದ್ದರು. ನಾಲ್ಕು ಗಂಟೆಯ ಶ್ರಮ. ಆಗಲೇ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿತು. ಅದರ ಜೀವ ಹತ್ತು ನಿಮಿಷ. ಒಂದು ಕೈಯಲ್ಲಿ ಮೌಸ್ ಹಿಡಿದು, ಇನ್ನೊಂದು ಕೈಯಲ್ಲಿ ವಿದ್ಯುತ್ ಕಚೇರಿಗೆ ಫೋನು ಮಾಡಿದೆ. ಎತ್ತಿದವರು ಲೈನ್‌ಮ್ಯಾನ್. ಬಹಳ ಸೌಮ್ಯ ಮನುಷ್ಯ. ಮರದ ಗೆಲ್ಲು ಬಿದ್ದಿದೆ, ತೆಗೀತಾ ಇದ್ದಾರೆ, ಅರ್ಧ ಗಂಟೆ ಆದೀತು ಎಂದರು.

"ಅರ್ಧ ಗಂಟೆ ಆಗುವುದಿಲ್ಲ ಮಾರಾಯ್ರೆ, ಹತ್ತು ನಿಮಿಷದಲ್ಲಿ ಬರದಿದ್ದರೆ ಕೋಟೆ ಬೀಳ್ತದೆ" ಎಂದು ಬಾಯಿಂದ ಬಂದೇಬಿಟ್ಟಿತು.

ಬೆಳ್ತಂಗಡಿಯವರಿಗೆ ಕೋಟೆ ಅಂದರೆ ಒಂದೇ, ಬಂಡೆಯ ತಲೆಯ ಮೇಲಿರುವ ಗಡಾಯಿಕಲ್ಲಿನ ಕೋಟೆ. ಲೈನ್‌ಮ್ಯಾನ್ ಯೋಚನೆ ಮಾಡಿ, ಒಬ್ಬ ಜವಾಬ್ದಾರಿಯುತ ನೌಕರನ ಧ್ವನಿಯಲ್ಲಿ ಹೇಳಿದರು: "ಗಡಾಯಿಕಲ್ಲಿಗೆ ನಮ್ಮ ಲೈನೇ ಇಲ್ಲ ಸರ್. ಬೀಳುವ ಹಾಗೆ ಕಾಣ್ತಾ ಇದ್ದರೆ ನೀವು ತಾಲೂಕು ಆಫೀಸಿಗೆ ತಿಳಿಸಿ."

ಇನ್ಸ್‌ಪೆಕ್ಟರ್ ಬಂದದ್ದು

ಅದೇ ಶಾಲೆಗೆ ಒಮ್ಮೆ ಇನ್ಸ್‌ಪೆಕ್ಟರ್ ತಪಾಸಣೆಗೆ ಬಂದರು. ಒಂಬತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ಕೇಳಿದರು. ಮುಗಿದ ಮೇಲೆ ಎದ್ದು ಬಂದು, ಒಂದು ರಾಜ್ಯ ಬಲಿಷ್ಠವಾಗಬೇಕಾದರೆ ಮೊದಲು ಏನು ಬೇಕು ಎಂದು ಮಕ್ಕಳನ್ನು ಕೇಳಿದರು. ದೊಡ್ಡ ಸೈನ್ಯ, ಶೂರನಾದ ಅರಸ ಎಂಬ ಉತ್ತರ ಅವರ ಮನಸ್ಸಿನಲ್ಲಿತ್ತು ಎಂದು ಕಾಣುತ್ತದೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಮೊದಲು ಮನೆಗಳು ಬೇಕು ಸರ್, ಮನೆ ಇಲ್ಲದೆ ಜನ ಹೆಚ್ಚಾಗುವುದಿಲ್ಲ ಎಂದಳು. ಇನ್ನೊಬ್ಬಳು, ಮರ ಹತ್ತಿರ ಇರುವಲ್ಲಿಯೇ ಊರು ಕಟ್ಟಬೇಕು, ದೂರದಿಂದ ಹೊತ್ತು ತಂದರೆ ಸಮಯ ಹಾಳು ಎಂದಳು. ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನಾನು ಬೀಗುತ್ತಿದ್ದೆ. ಆಗ ಮೂರನೆಯವನು ಎದ್ದು, ಗದ್ದೆ ಮಾಡದೆ ಸೈನ್ಯ ಕಟ್ಟಿದರೆ ರಾಜ್ಯ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದುಬಿಟ್ಟ.

"ಅರ್ಧ ಗಂಟೆಯಲ್ಲಿಯಾ?" ಎಂದು ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು.

"ಚರಿತ್ರೆಯ ಲೆಕ್ಕದಲ್ಲಿ ಸರ್" ಎಂದೆ.

ಅವರು ತಲೆಯಾಡಿಸಿದರು. ಪಠ್ಯಪುಸ್ತಕದಲ್ಲಿ ಇದೆಲ್ಲ ಇಲ್ಲವಲ್ಲ, ಏನು ಓದುತ್ತೀರಿ ಎಂದು ಸ್ಟಾಫ್ ರೂಮಿನಲ್ಲಿ ವಿಚಾರಿಸಿದರು. ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಒಂದು ದೊಡ್ಡ ಸರಣಿ ಸರ್, ಎರಡನೇ ಭಾಗದಲ್ಲಿ ಇದ್ದೇನೆ ಎಂದೆ. ತಪಾಸಣೆಯ ಪುಸ್ತಕದಲ್ಲಿ ಅವರು ಬರೆದದ್ದನ್ನು ಹೆಡ್‌ಮಾಸ್ತರರು ಎಲ್ಲರ ಎದುರು ಓದಿದರು: "ಸಮಾಜ ವಿಜ್ಞಾನ ಶಿಕ್ಷಕರ ಅಧ್ಯಯನ ಶ್ಲಾಘನೀಯ. ಆದಷ್ಟು ಬೇಗ ಮೂರನೇ ಭಾಗವನ್ನೂ ಮುಗಿಸತಕ್ಕದ್ದು."

ಮೇಲಧಿಕಾರಿಗಳ ಆದೇಶ. ಪಾಲಿಸಿದೆ.

ಎಂಟು ಕುರಿಗಳ ರಾಜ್ಯ

ಮೂರನೇ ಭಾಗ ಮುಗಿಸಿದ್ದು ಮೂಡುಬಿದಿರೆಯಲ್ಲಿ. ಅಲ್ಲಿ ನಾವು ಒಂದು ಜೈನರ ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ ಇದ್ದೆವು. ಮನೆಯ ಯಜಮಾನರು ಎಪ್ಪತ್ತು ದಾಟಿದವರು, ಬಸದಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಒಂದು ದಿನ ಮೇಲೆ ಬಂದವರು ನನ್ನ ಆಟ ನೋಡಿ, ನನಗೂ ಒಂದು ರಾಜ್ಯ ಕೊಡಿ ಮೇಷ್ಟ್ರೇ ಎಂದರು. ನಾನು ಅವರಿಗೆ ಎರಡನೇ ಭಾಗ ಹಾಕಿಕೊಟ್ಟೆ.

ಜಿಂಕೆ ಹೊಡೆಯಿರಿ, ಆಹಾರ ಸಿಗ್ತದೆ ಎಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಮೌಸ್ ಕೆಳಗಿಟ್ಟೆ. ಮೀನೂ ಬೇಡ ಎಂದರು. ಆಟದ ಆರಂಭದಲ್ಲಿ ಊರಿನ ಹತ್ತಿರ ಎಂಟು ಕುರಿಗಳು ಸಿಗುತ್ತವೆ, ನಾವೆಲ್ಲ ಮೊದಲ ಐದು ನಿಮಿಷದಲ್ಲಿ ಅವನ್ನು ಮುಗಿಸುತ್ತೇವೆ. ಇವರು ಅವಕ್ಕೆ ಸುತ್ತ ಬೇಲಿ ಕಟ್ಟಿಸಿದರು. ಬರೀ ಗದ್ದೆ, ಬರೀ ಹಣ್ಣು. ಸೈನಿಕ ಒಬ್ಬನೂ ಇಲ್ಲ, ಬದಲಿಗೆ ಸನ್ಯಾಸಿಗಳು. ಆ ಸನ್ಯಾಸಿಗಳು ಕೋಲೆತ್ತಿ ಮಂತ್ರ ಹೇಳಿದರೆ ಶತ್ರುವಿನ ಸೈನಿಕ ಬಣ್ಣ ಬದಲಾಯಿಸಿ ನಮ್ಮವನಾಗುತ್ತಾನೆ. ಹಾಗೆ ಬಂದವರನ್ನೂ ಇವರು ಸುಮ್ಮನೆ ನಿಲ್ಲಿಸಿದರು. ಯಾರನ್ನೂ ಕೊಲ್ಲದೆ ಗೆಲ್ಲುವ ದಾರಿ ಒಂದುಂಟು: ಒಂದು ಮಹಾ ಸ್ಮಾರಕ ಕಟ್ಟಿ, ಅದನ್ನು ಇನ್ನೂರು ವರ್ಷ ಉಳಿಸಿಕೊಳ್ಳುವುದು. ನಮ್ಮ ಗಡಿಯಾರದಲ್ಲಿ ಅದು ಕಾಲು ಗಂಟೆ. ಇಷ್ಟು ವರ್ಷ ಆಡಿದ ನಾನು ಆ ದಾರಿ ಹಿಡಿದವನೇ ಅಲ್ಲ.

ತಿಂಗಳುಗಟ್ಟಲೆ ಸೋತರು. ಬಿಡಲಿಲ್ಲ. ರಮ್‌ಜಾನ್ ತಿಂಗಳ ಒಂದು ಸಂಜೆ ಸ್ಮಾರಕ ಎದ್ದು ನಿಂತಿತು. ಇನ್ನೂರರಿಂದ ಎಣಿಕೆ ಕೆಳಗೆ ಇಳಿಯತೊಡಗಿತು. ಶತ್ರುಗಳು ಹೆಬ್ಬಾಗಿಲು ಒಡೆಯುತ್ತಿದ್ದರು. ಅಷ್ಟರಲ್ಲಿ ಕೆಳಗಿನಿಂದ ಅವರ ಹೆಂಡತಿ ಊಟಕ್ಕೆ ಕರೆದರು. ಯಜಮಾನರು ಸೂರ್ಯ ಮುಳುಗಿದ ಮೇಲೆ ಏನೂ ತಿನ್ನುವವರಲ್ಲ. ನಾನು ಉಪವಾಸ, ಸೂರ್ಯ ಮುಳುಗುವವರೆಗೆ ಏನೂ ತಿನ್ನುವವನಲ್ಲ. ಆಟವನ್ನು ನಿಲ್ಲಿಸಿಡುವ ಎಂದೆ. ಬೇಡ, ನಿಲ್ಲಿಸಿ ಗೆದ್ದದ್ದು ಗೆಲುವಲ್ಲ ಎಂದರು. ಬೆಳ್ತಂಗಡಿಯ ನನ್ನ ಹಟವನ್ನು ನಾನೇ ಅವರಿಗೆ ಕಲಿಸಿದ್ದೆ.

ಅವರ ಹೆಂಡತಿ ಮೆಟ್ಟಿಲು ಹತ್ತಿ ಬಂದರು. ಇನ್ನೂ ನೂರ ಎಪ್ಪತ್ತು ವರ್ಷ ಉಂಟು ಎಂದು ಯಜಮಾನರು ಅಂಗಲಾಚಿದರು. "ಅಷ್ಟು ವರ್ಷ ಸೂರ್ಯ ನಿಲ್ಲುವುದಿಲ್ಲ, ಏಳಿ" ಎಂದರು ಹೆಂಡತಿ. ಯಜಮಾನರು ಎದ್ದು ನನ್ನ ಭುಜ ಹಿಡಿದು, ಒಂದು ಜೀವವೂ ಹೋಗಬಾರದು ಮೇಷ್ಟ್ರೇ ಎಂದು ರಾಜ್ಯ ಒಪ್ಪಿಸಿ ಇಳಿದರು.

ನಾನು ಕಾದೆ. ಕೈ ತುರಿಸುತ್ತಿದ್ದರೂ ಒಂದು ಬಾಣ ಬಿಡಲಿಲ್ಲ. ಜನರನ್ನು ಕಳಿಸಿ ಬಾಗಿಲು ರಿಪೇರಿ ಮಾಡಿಸುತ್ತಲೇ ಇದ್ದೆ. ಎಣಿಕೆ ಇಪ್ಪತ್ತಕ್ಕೆ ಇಳಿಯಿತು. ಸೂರ್ಯ ಮುಳುಗಿತು, ಮಸೀದಿಯಲ್ಲಿ ಬಾಂಗ್ ಆಯಿತು, ಯಜಮಾನರು ಕೈ ಒರೆಸಿಕೊಳ್ಳುತ್ತಾ ಓಡಿ ಬಂದು ಮೌಸ್ ಹಿಡಿದರು, ನಾನು ಖರ್ಜೂರ ಬಾಯಿಗಿಟ್ಟೆ. ಹತ್ತು, ಐದು, ಒಂದು. ಗೆಲುವು.

ಅಂಕದ ಪಟ್ಟಿ ತೆರೆಯಿತು. ಕೊಂದ ಶತ್ರುಗಳು: ಸೊನ್ನೆ. ಅಂಥ ಸೊನ್ನೆಯನ್ನು ನಾನು ಯಾವ ರಾಜನ ಹೆಸರಿನ ಮುಂದೆಯೂ ನೋಡಿರಲಿಲ್ಲ. ನನ್ನ ಶಿಷ್ಯ ಎಂದು ಎದೆಯುಬ್ಬಿತು. ಯಜಮಾನರು ಮಾತ್ರ ಪಟ್ಟಿ ನೋಡಲಿಲ್ಲ. ಮತ್ತೆ ರಾಜ್ಯ ತೋರಿಸಿ ಎಂದು ಬೇಲಿಯ ಹತ್ತಿರ ಹೋಗಿ ಎಣಿಸಿದರು. ಎರಡು ಸಲ ಎಣಿಸಿದರು.

"ಕುರಿ ಏಳೇ ಉಂಟಲ್ಲ ಮೇಷ್ಟ್ರೇ."

ಒಪ್ಪಿಕೊಂಡೆ. ರಿಪೇರಿಗೆ ಒಬ್ಬ ಆಳು ಹೆಚ್ಚು ಬೇಕಿತ್ತು, ಆಹಾರ ಸ್ವಲ್ಪ ಕಡಿಮೆ ಬಿತ್ತು, ಹಸಿದಿದ್ದೆ, ವರ್ಷಗಳ ಅಭ್ಯಾಸದಲ್ಲಿ ಕೈ ಹೋಯಿತು. ಅವರು ಸಿಟ್ಟಾಗಲಿಲ್ಲ. ಒಂದು ದಿನ ಉಪವಾಸ ಮಾಡಿ, ಸರಿಹೋಗ್ತದೆ ಎಂದರು. ನಾಳೆ ಹೇಗೂ ನನಗೆ ಉಪವಾಸವೇ ಎಂದೆ. ಅದು ದೇವರದ್ದು, ಕುರಿಯದ್ದು ಬೇರೆ ಎಂದರು.

ಅದನ್ನು ಬೇರೆ ದಿನ ಮಾಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹಬ್ಬ ಕಳೆದ ಮೂರನೇ ದಿನ ನಾನು ಬೆಳಗ್ಗಿನ ಚಾ ಬೇಡ ಎಂದಾಗ ನನ್ನ ಹೆಂಡತಿ, ರಮ್‌ಜಾನ್ ಮುಗಿಯಿತಲ್ಲ, ಇದೇನು ಎಂದು ಕೇಳಿದಳು. ಒಂದು ಕುರಿಯನ್ನು ತಿಂದೆ, ಅದಕ್ಕೆ ಪ್ರಾಯಶ್ಚಿತ್ತ ಎಂದೆ.

ಅವಳು ಹಬ್ಬದ ಕುರಿ ಬಿರಿಯಾನಿಯ ಖಾಲಿ ಪಾತ್ರೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು.

"ಅದಕ್ಕಲ್ಲ" ಎಂದೆ. "ಇದು ಕಂಪ್ಯೂಟರಿನದ್ದಕ್ಕೆ."